ಕಾಫಿ ಕಣದಲ್ಲಿ ಹತ್ತು ಚೌಕ

1998ರ ಡಿಸೆಂಬರ್ 7, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ.

"ಟೀಚರೇ, ಮಕ್ಕಳನ್ನ ಕಣದಿಂದ ಇಳಿಸಿ! ಈಗ್ಲೇ!"

ಗೋಣಿಬೀಡಿನ ಹತ್ತಿರದ ಆ ಎಸ್ಟೇಟಿಗೆ ಹೊಸದಾಗಿ ಬಂದಿದ್ದ, ಕೆಲಸ-ಕೂಲಿಯ ಲೆಕ್ಕ ನೋಡುವ ರೈಟರ್ ಯಶವಂತನ ಕೂಗಿಗೆ ಶಿಶುವಿಹಾರದ ಹದಿನಾಲ್ಕು ಮಕ್ಕಳೂ ನಿಂತಲ್ಲೇ ನಿಂತರು. ಕಾಫಿ ಒಣಗಿಸುವ ಕಣದ ಮೇಲೆ ಟೀಚರ್ ಶಾಂತಕುಮಾರಿ ಸುಣ್ಣದಲ್ಲಿ ಹತ್ತು ಚೌಕ ಬರೆದಿದ್ದಳು. ಐದು ವರ್ಷದ ಧನ್ಯಾ ಆರನೇ ಚೌಕದಲ್ಲಿ ಒಂಟಿಗಾಲಲ್ಲಿ ತೂಗಾಡುತ್ತಿದ್ದಳು.

"ಎರಡೇ ನಿಮಿಷ ಸಾರ್..."

"ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡ್ಬೇಕು ಮಾರಾಯ್ರೆ. ಬೀಜಕ್ಕೆ ಸುಣ್ಣ ಹತ್ತಿದ್ರೆ ಯಾರು ತಗೊಳ್ತಾರೆ? ಆಟ ಆಡ್ಸೋಕೆ ಇದೇನು ಮೈದಾನವಾ?"

"ಆಟ ಅಲ್ಲ, ಲೆಕ್ಕ!"

"ಲೆಕ್ಕ ಕೂತು ಮಾಡೋದು ಟೀಚರೇ, ಹಾರಿ ಅಲ್ಲ!"

ಅವನೇ ನೀರು ಸುರಿದು ಪೊರಕೆಯಿಂದ ಉಜ್ಜಿದ.

ಶಾಂತಾ ಧನ್ಯಾಳನ್ನು ಪಕ್ಕಕ್ಕೆ ಎಳೆದುಕೊಂಡಳು. ಧನ್ಯಾ ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದಳು. ಆದರೆ ನಾಲ್ಕು ಕಲ್ಲು ತಾ ಎಂದರೆ ಬೊಗಸೆ ತುಂಬ ತರುತ್ತಿದ್ದಳು. ಇವತ್ತು ಮೊದಲ ಬಾರಿಗೆ ನಾಲ್ಕರಿಂದ ಎರಡು ಚೌಕ ಹಾರಿ, ಯಾರೂ ಹೇಳಿಕೊಡದೆ 'ಆರು!' ಎಂದಿದ್ದಳು.

ಅದನ್ನೇ ಈ ಮನುಷ್ಯ ತೊಳೆದುಹಾಕಿದನಲ್ಲ...

ಆಮೇಲೆ ಎರಡು ವಾರ ಮಕ್ಕಳು ಇಕ್ಕಟ್ಟಾದ ಕೋಣೆಯಲ್ಲಿ ಕೂತು ರಾಗವಾಗಿ ಎಣಿಸಿದರು. ಧನ್ಯಾ ಮತ್ತೆ ಬೊಗಸೆ ತುಂಬ ಕಲ್ಲು ತಂದಳು!

ಹಾರಲು ಜಾಗವೇ ಇಲ್ಲದ ಮೇಲೆ ನಾನಿಲ್ಲಿ ಕಲಿಸುವುದಾದರೂ ಏನು? ಆಲ್ದೂರಿನ ಶಾಲೆಯೊಂದು ಶಾಂತಾಳನ್ನು ಕೆಲಸಕ್ಕೆ ಕರೆದಿತ್ತು. ಅಲ್ಲಿ ದೊಡ್ಡ ಅಂಗಳವಿತ್ತು.

ಯಶವಂತ ದಿನವೂ ಕಿಟಕಿಯಾಚೆ ಒಂದು ಕ್ಷಣ ನಿಂತು ಹೋಗುತ್ತಿದ್ದ. ಕಂಡರೆ ಕೋಪ. ಕಾಣದ ದಿನ ಮಾತ್ರ ಅವಳ ಕಣ್ಣು ದಾರಿಯ ಮೇಲೇ!

ಶನಿವಾರ ಮಧ್ಯಾಹ್ನ ಆಯಾ ತಂಗಮ್ಮ ಓಡಿ ಬಂದಳು.

"ಟೀಚರೇ, ಶಿಶುವಿಹಾರದ ಹಿಂದ್ಗಡೆ ಜಾಗಕ್ಕೆ ರೈಟ್ರು ಬೇಲಿ ಹಾಕ್ತಿದಾರೆ! ಗೂಟ ಹೊಡೆದಾಯ್ತು!"

ಹಾರಲಾಗದಷ್ಟು ಹಳ್ಳದಿಣ್ಣೆಯಾದರೂ ಉಳಿದಿದ್ದ ಒಂದೇ ಬಯಲು ಅದು! ಶಾಂತಾ ಆಲ್ದೂರಿಗೆ ಒಪ್ಪಿಗೆಯ ಕಾಗದ ಬರೆದು, ಅದನ್ನು ಹಿಡಿದುಕೊಂಡೇ ಅಲ್ಲಿಗೆ ಹೋದಳು.

ಯಶವಂತ ಒಬ್ಬನೇ ನೆಲ ಮಟ್ಟ ಮಾಡುತ್ತಿದ್ದ. ಅಂಗೈ ತುಂಬ ಬೊಬ್ಬೆ.

"ಮಕ್ಕಳು ಇಲ್ಲಿಗೂ ಬರಬಾರ್ದು ಅಂತ ಬೇಲಿನಾ?"

"ಮಕ್ಕಳಲ್ಲ... ದನ ಬರಬಾರ್ದು ಅಂತ."

ಅವಳು ನೆಲ ನೋಡಿದಳು. ಹಗ್ಗ ಕಟ್ಟಿ ಗುರುತು ಮಾಡಿದ ಹತ್ತು ಚೌಕ!

"ಈ ಜಾಗ ಮಕ್ಕಳಿಗೆ ಕೊಡೋಕೆ ಎಸ್ಟೇಟಿನ ಸಾಹುಕಾರ್ರು ಮೊನ್ನೆಯಷ್ಟೇ ಒಪ್ಪಿದ್ರು. ಮೊದ್ಲೇ ಹೇಳಿ, ಆಗ್ದೆ ಹೋದ್ರೆ ನಿಮ್ಗೆ ಇನ್ನೊಂದ್ಸಲ ಬೇಜಾರು ಅಂತ ಸುಮ್ನಿದ್ದೆ. ಕೂತ ಮಕ್ಕಳ ಮುಖ ನೋಡೋಕಾಗ್ಲಿಲ್ಲ... ನಿಮ್ಮ ಮುಖಾನೂ."

ಅವಳ ಕಣ್ಣು ತುಂಬಿತು. ಮರುಕ್ಷಣ ನಗು ಉಕ್ಕಿತು. ಒಂದೊಂದು ಚೌಕವೂ ಎರಡೂವರೆ ಅಡಿ!

"ಇದನ್ನ ಹಾರೋದು ಯಾರು ಸಾರ್? ಕುದುರೆನಾ?"

"ನನ್ನ ಹೆಜ್ಜೇಲಿ ಅಳೆದೆ..." ಅವನ ಕಿವಿ ಕೆಂಪಾಯಿತು. ಕಣ್ಣು ಅವಳ ಕೈಯಲ್ಲಿದ್ದ ಕಾಗದಕ್ಕೆ ಹೋಯಿತು. "ಆಲ್ದೂರಿಗಾ? ತಂಗಮ್ಮ ಹೇಳ್ತಿದ್ಲು."

"ಹ್ಞೂಂ. ಇನ್ನೂ ಅಂಚೆಗೆ ಹಾಕಿಲ್ಲ."

"ಹಾಕ್ಬೇಡಿ."

"ಮಕ್ಕಳಿಗೋಸ್ಕರನಾ?"

"ಮಕ್ಕಳಿಗೂ... ನಂಗೂ. ಅಮ್ಮನ್ನ ಕರ್ಕೊಂಡು ನಿಮ್ಮನೇಗೆ ಬರ್ಲಾ ಶಾಂತಾ?"

ಅವಳು ಕಾಗದವನ್ನು ಅವನ ಕೈಗಿಟ್ಟು, ಬೇಲಿಗೆಂದು ತಂದು ಗೂಟಕ್ಕೆ ನೇತುಹಾಕಿದ್ದ ಅಳತೆ ಟೇಪಿನ ತುದಿ ಹಿಡಿದಳು.

"ಬನ್ನಿ. ಮೊದ್ಲು ಇದನ್ನ ಸರಿ ಮಾಡೋಣ. ಆ ಕಡೆ ಗಟ್ಟಿ ಹಿಡ್ಕೊಳ್ಳಿ."

"ಬಿಡಲ್ಲ ಮಾರಾಯ್ತಿ."

ಕತ್ತಲಾಗುವುದರೊಳಗೆ ಹತ್ತೂ ಚೌಕ ಹೊಸದಾಗಿ ಮೂಡಿದವು. ಒಂದೊಂದರ ಅಗಲ ಹದಿನಾಲ್ಕು ಅಂಗುಲ.