ಬಟ್ಟೆ ಉಟ್ಟ ಗೂಡುದೀಪ

“ಇದೊಂದಕ್ಕೆ ಬಟ್ಟೆ ಉಡಿಸಬೇಡ, ಮಗಳೇ. ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ.”

ಲಾಯ್ ಅಜ್ಜಿಯ ಕೈಯಲ್ಲಿದ್ದ ಅಂಟಿನ ಬಟ್ಟಲು ಅಲುಗುತ್ತಿತ್ತು. ಹೊಯ್ ಆನ್ ಊರಿನ ಆ ಓಣಿಯಲ್ಲಿ ಅರವತ್ತು ವರ್ಷ ಗೂಡುದೀಪ ಕಟ್ಟಿದ ಕೈ ಅದು. ಬಿದಿರ ಕಡ್ಡಿಗಳ ಮೇಲೆ ರೇಷ್ಮೆ ಎಳೆದು ಅಂಟಿಸುವಾಗ ಒಂದು ಸುಕ್ಕೂ ಬಿಡದ ಕೈ. ತ್ರಾಮ್ ಅದನ್ನು ಗಮನಿಸಲಿಲ್ಲ. ಮದುವೆ ಮುರಿದ ಮೇಲೆ ಸೈಗಾನ್ ಬಿಟ್ಟು ಬಂದು ಅವಳಿಗೆ ಎರಡು ತಿಂಗಳಾಗಿತ್ತಷ್ಟೆ. ಅಜ್ಜಿಯ ಮನೆಯ ಎದುರಿಗಿದ್ದ, ವರ್ಷಗಟ್ಟಲೆ ಬಾಗಿಲು ತೆರೆಯದಿದ್ದ ಹಳದಿ ಗೋಡೆಯ ಮನೆಯನ್ನು ಬಾಡಿಗೆಗೆ ಹಿಡಿದು ಪ್ರವಾಸಿಗರ ತಂಗುಮನೆ ಮಾಡಲು ಹೊರಟಿದ್ದಳು. ಅಂಗಳದ ತುಂಬ ದೀಪಗಳಿರಬೇಕೆಂಬುದು ಅವಳ ಆಸೆ. ಧಾರೆಹುಳಿ ಮರದ ಕೊಂಬೆಗಳಿಗೆ, ಬಾವಿಕಟ್ಟೆಯ ಕಂಬಕ್ಕೆ, ಸೂರಿನ ಉದ್ದಕ್ಕೆ, ಎಲ್ಲದಕ್ಕೂ ಅಜ್ಜಿಯಿಂದಲೇ ಗೂಡುದೀಪ ಕಟ್ಟಿಸಿದ್ದಳು. ಅಂಗಳದ ನಟ್ಟನಡುವೆ ತೂಗುವುದಕ್ಕೆ ಮಾತ್ರ ದೊಡ್ಡದೊಂದು ಬೇಕಿತ್ತು. ಅದು ಮನೆಯ ಅಟ್ಟದ ಮೇಲೆ, ಮಸಿಯ ನಡುವೆ ಸಿಕ್ಕಿತ್ತು. ಬರಿಯ ಬಿದಿರಿನ ಹಂದರ. ಪ್ರತಿ ಕಡ್ಡಿಯ ಒಳಮೈಯಲ್ಲೂ ಕೆಂಪು ಶಾಯಿಯ ಸಣ್ಣ ಅಕ್ಷರಗಳು. ಕಡ್ಡಿಗಳನ್ನು ಬಿಗಿದದ್ದು ದಾರದಿಂದಲ್ಲ, ಕೂದಲಿನಿಂದ.

“ಅಜ್ಜಿ, ಅದು ಗೂಡುದೀಪ, ಉಡಿಸಿ ತೊಡಿಸಿ ಮಾಡೋಕೆ ಸೊಸೇನಾ?” ಎಂದು ತ್ರಾಮ್ ನಕ್ಕಳು.

“ಮಾಟದ್ದು ಕಣೇ. ಯಾರ ಮೈಮೇಲಿನ ಬಟ್ಟೆ ಹಾಕ್ತೀವೋ ಅವರನ್ನ ಕರೆಯುತ್ತೆ. ನಾನು ಅಂಟು ಮುಟ್ಟಿಸಲ್ಲ.”

“ಕರೆದ್ರೆ ಒಳ್ಳೇದೇ. ಗಿರಾಕಿಗಳ ಬಟ್ಟೇನೇ ಹಾಕಿಬಿಡೋಣ.”

ಅಜ್ಜಿ ನಗಲಿಲ್ಲ. ಬಟ್ಟಲು ಕೆಳಗಿಟ್ಟು, ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತ್ರಾಮ್ ಆ ಕೆಲಸವನ್ನು ತಾನೇ ಮಾಡಿದಳು. ಅಷ್ಟಗಲದ ರೇಷ್ಮೆ ಕೈಲಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಮದುವೆಯ ಕೆಂಪು ನಿಲುವಂಗಿಯಿತ್ತು. ಇನ್ನು ಅದನ್ನಿಟ್ಟುಕೊಂಡು ಯಾರಿಗೇನು ಎಂದುಕೊಂಡು ಕತ್ತರಿ ಹಾಕಿದಳು. ಬಟ್ಟೆ ಕಡ್ಡಿಗಳಿಗೆ ತಾಗಿದ್ದೇ ತಡ, ಅಂಟಿಗೂ ಕಾಯದೆ ಹತ್ತಿಕೊಂಡಿತು. ಒದ್ದೆ ಮೈಗೆ ಅಂಗಿ ಹತ್ತಿಕೊಂಡ ಹಾಗೆ. ಸಂಜೆ ಆರಕ್ಕೆ ತಾನಾಗಿ ಹೊತ್ತಿಕೊಳ್ಳುವಂತೆ ಬಲ್ಬಿಗೆ ಟೈಮರ್ ಜೋಡಿಸಿದಳು. ದೀಪ ಹತ್ತಿದಾಗ ಅಂಗಳವೆಲ್ಲ ಕೆಂಪಾಯಿತು. ಕೂದಲು ಸುಟ್ಟ ವಾಸನೆಯೊಂದು ಎಲ್ಲಿಂದಲೋ ಬಂತು. ಹಾಗೆಯೇ ಹೋಯಿತು. ಎದುರು ಮನೆಯ ಕಿಟಕಿಯಲ್ಲಿ ನಿಂತಿದ್ದ ಅಜ್ಜಿಗೆ ಅವಳು ಕೈಬೀಸಿದಳು.

ನಾಲ್ಕು ದಿನ ಏನೂ ಆಗಲಿಲ್ಲ. ನಾಲ್ಕು ಸಂಜೆಯೂ ಅವಳು ಮನೆಯಲ್ಲೇ ಇದ್ದಳು.

ಐದನೆಯ ದಿನ ಕುರ್ಚಿಗಳನ್ನು ಮಾಡಲು ಹೇಳುವುದಕ್ಕೆ ಹೊಳೆಯಾಚೆಯ ಕಾಮ್ ಕಿಮ್ ದ್ವೀಪಕ್ಕೆ ಹೋದಳು. ಬಡಗಿಯೊಂದಿಗೆ ಮಾತು ಬೆಳೆದು ಹೊತ್ತು ಇಳಿಯಿತು. ಹಲಸಿನ ಮರದ ಹೊಟ್ಟಿನ ಪರಿಮಳದ ನಡುವೆ ಇದ್ದಕ್ಕಿದ್ದಂತೆ ಆ ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಅಂಗಾಲು ಬಿಸಿಯಾಯಿತು. ಅವಳು ಎದ್ದು ನಿಂತಳು. ಏಳಬೇಕೆಂದು ಅವಳು ಅಂದುಕೊಂಡಿರಲಿಲ್ಲ.

“ಏನಾಯ್ತಕ್ಕ? ಅಳತೆ ಇನ್ನೂ ಹೇಳ್ಲಿಲ್ಲ,” ಎಂದ ಬಡಗಿ.

ಕಾಲು ಆಗಲೇ ಬಾಗಿಲು ದಾಟಿತ್ತು. ಸೇತುವೆ ಬಲಕ್ಕಿತ್ತು. ಕಾಲು ಬಲಕ್ಕೆ ತಿರುಗಲಿಲ್ಲ. ಜೋಳದ ಹೊಲದ ನಡುವೆ ನೇರವಾಗಿ ನಡೆಯಿತು. ಗರಿಗಳು ಮುಖ ಗೀರಿದವು. ಅವಳು ಒಂದು ಮರದ ಕಾಂಡ ತಬ್ಬಿಕೊಂಡಳು. ಕಾಲು ನಿಲ್ಲಲಿಲ್ಲ. ತೊಗಟೆ ಉಗುರಿಗೆ ಕಿತ್ತು ಬಂತು. ಮುಂದೆ ಕೆಸರು. ಮುಂದೆ ನೀರು. ಮೊಣಕಾಲು. ಸೊಂಟ. ಎದೆ. ಆಚೆ ದಡದಲ್ಲಿ ನೂರಾರು ದೀಪ. ಅದರಲ್ಲಿ ಒಂದು ಮಾತ್ರ ಅವಳ ಹೆಸರು ಹಿಡಿದು ಕೂಗುತ್ತಿತ್ತು. ಕೂಗಲು ಬಾಯಿ ತೆರೆದಳು. ನೀರು ನುಗ್ಗಿತು. ಹೊಳೆಯ ತಳದಲ್ಲೂ ಕಾಲು ನಡೆಯುತ್ತಲೇ ಇತ್ತು.

ಮೀನುಬಲೆ ಬಿಡುತ್ತಿದ್ದ ಹೆಂಗಸೊಬ್ಬಳು ಅವಳ ಜಡೆ ಹಿಡಿದು ದೋಣಿಗೆಳೆದಳು. ಈಚೆ ದಡ ಮುಟ್ಟುವವರೆಗೂ ತ್ರಾಮ್‌ಳ ಕಾಲುಗಳು ದೋಣಿಯ ಹಲಗೆಯನ್ನು ಒದೆಯುತ್ತಲೇ ಇದ್ದವು. ಆ ಹೆಂಗಸು ಅವಳ ಮುಖವನ್ನೂ ನೋಡದೆ ಇಳಿಸಿ ಹೊರಟುಹೋದಳು.

ಗೂಡುದೀಪದ ಕೆಳಗೆ ಬಂದು ನಿಂತ ಮೇಲೆಯೇ ಕಾಲು ತಣ್ಣಗಾದದ್ದು. ಮರುದಿನ ಬಲ್ಬು ಕಿತ್ತೆಸೆದಳು. ಆರಕ್ಕೆ ಬರಿಯ ಹೋಲ್ಡರಿನಲ್ಲಿ ಬೆಳಕು ಮೂಡಿತು. ಬಟ್ಟೆಗೆ ಚಾಕು ಹಾಕಿದಳು. ಅವಳದೇ ತೋಳಿನಲ್ಲಿ ರಕ್ತ ಜಿನುಗಿತು.

ಅವಳು ಹೋಗಿ ಅಜ್ಜಿಯ ಬಾಗಿಲು ಬಡಿದಳು. ಅಜ್ಜಿ ತೋಳಿನ ಗಾಯ ನೋಡಿದಳು. ಬೈಯಲಿಲ್ಲ. ಒಳಗೆ ಕೂರಿಸಿ ಶುಂಠಿ ಚಹಾ ಕೊಟ್ಟಳು.

“ನಮ್ಮಕ್ಕ ಸೆನ್ ಅಂತ ಇದ್ಳು. ಆ ಮನೆ ಅವಳ ಗಂಡಂದು. ಹೊಡೀತಿದ್ದ. ಇವಳು ಓಡಿಹೋಗ್ತಿದ್ಳು. ಅದಕ್ಕೆ ಮಾಟಗಾರನ್ನ ಕರೆಸಿ ಅದನ್ನ ಕಟ್ಟಿಸ್ದ, ಅವಳ ಕೂದಲಲ್ಲೇ, ಅವಳ ರವಿಕೇಲೇ. ಆಮೇಲೆ ಎಲ್ಲಿಗೆ ಓಡಿದ್ರೂ ಸಂಜೆ ಹೊತ್ತಿಗೆ ವಾಪಸ್ಸು. ಒಂದು ಸಲ ಹೊಳೆ ಅಡ್ಡ ಬಂತು. ಅವಳಿಗೆ ದೋಣಿ ಸಿಗಲಿಲ್ಲ.”

“ಬಿಡಿಸೋಕೆ ದಾರೀನೇ ಇರ್ಲಿಲ್ವಾ ಅಜ್ಜಿ?”

“ಇತ್ತು. ಒಬ್ಬರ ಬಟ್ಟೆ ಇಳೀಬೇಕು ಅಂದ್ರೆ ಇನ್ನೊಬ್ಬರು ಮನಸಾರೆ ತಮ್ಮದು ಕೊಡ್ಬೇಕು. ನಂಗಾಗ ಹದಿನೇಳು. ಅಕ್ಕ ನನ್ನ ಕೈ ಹಿಡ್ಕೊಂಡು ಕೇಳಿದ್ಳು. ನಾನು ಆಗಲ್ಲ ಅಂದೆ.”

ಅಜ್ಜಿ ಎದ್ದು ಪೆಟ್ಟಿಗೆ ತೆರೆದಳು. ಹೊಸವರ್ಷದ ಹಬ್ಬಕ್ಕೆ ಮಾತ್ರ ತೊಡುತ್ತಿದ್ದ, ದಪ್ಪ ನೇಯ್ಗೆಯ ಕಂದು ರೇಷ್ಮೆಯ ಅಂಗಿ ತೆಗೆದಳು. ತ್ರಾಮ್‌ಗೆ ಅರ್ಥವಾಯಿತು.

“ಬೇಡ ಅಜ್ಜಿ.”

“ಸುಮ್ನಿರೇ. ನೀನು ಎಲ್ಲೆಲ್ಲಿಂದಲೋ ಬರ್ಬೇಕು. ನನ್ನದೇನು, ಓಣಿ ದಾಟಿದ್ರೆ ಹನ್ನೆರಡು ಹೆಜ್ಜೆ. ಸತ್ತ ಮೇಲೆ ಹೇಗೂ ಮುಗಿಯುತ್ತೆ. ನಂಗೆ ಎಪ್ಪತ್ತೆಂಟು. ಇನ್ನೆಷ್ಟು ಸಂಜೆ ಇದ್ದಾವು?”

ಮರುದಿನ ಹಾಡುಹಗಲಲ್ಲಿ, ಅದೇ ಅಂಗಳದಲ್ಲಿ ಅಜ್ಜಿ ಆ ಕೆಲಸ ಮಾಡಿದಳು. ಈ ಸಲ ಕೈ ನಡುಗಲಿಲ್ಲ. ಕಂದು ಬಟ್ಟೆ ತಾಗುತ್ತಿದ್ದಂತೆ ಕೆಂಪು ಬಟ್ಟೆ ಹಣ್ಣಿನ ಸಿಪ್ಪೆಯಂತೆ ಸುಲಿದು ಬಿತ್ತು. ತ್ರಾಮ್‌ಳ ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿದಂತಾಯಿತು. ಅಂದು ಆರಕ್ಕೆ ಎದುರು ಮನೆಯ ಬಾಗಿಲು ತೆರೆಯಿತು; ಅಜ್ಜಿ ಓಣಿ ದಾಟಿ ಬಂದು ದೀಪದ ಕೆಳಗೆ ನಿಂತಳು.

“ಕುರ್ಚಿಯಾದ್ರೂ ಹಾಕೇ. ಕರೆಸ್ಕೊಂಡು ನಿಲ್ಲಿಸ್ತೀಯಾ?”

ದಿನವೂ ಹೀಗೇ ಆಯಿತು. ತ್ರಾಮ್ ಐದೂವರೆಗೇ ಕುರ್ಚಿ ಹಾಕಿ ಹೆಸರುಬೇಳೆ ಪಾಯಸ ಮಾಡಿಡುತ್ತಿದ್ದಳು. ಅಜ್ಜಿ ಅದಕ್ಕೆ ಸಿಹಿ ಸಾಲದೆಂದು ಗೊಣಗುತ್ತ ತಿನ್ನುತ್ತಿದ್ದಳು. ಬಂದ ಅತಿಥಿಗಳು ಅವಳನ್ನು ಮನೆಯ ಹಿರಿಯಳೆಂದೇ ತಿಳಿದು ಕೈಮುಗಿಯುತ್ತಿದ್ದರು. ಜ್ವರವಿದ್ದ ದಿನವೂ ಅಜ್ಜಿ ಬಂದಳು. ಅಲ್ಲ, ಕಾಲು ತಂದಿತು. ಹಲ್ಲು ಕಡಿಯುತ್ತ, ಗೋಡೆ ಹಿಡಿದು. ಆ ದಿನ ತ್ರಾಮ್ ಅವಳ ಪಾದ ತೊಳೆದಳು. ಅಂಗಾಲಿನಲ್ಲಿ ಬೊಬ್ಬೆಗಳೆದ್ದಿದ್ದವು.

ನೆರೆ ಬಂದ ತಿಂಗಳಲ್ಲಿ ಒಂದು ನಡುರಾತ್ರಿ ಅಜ್ಜಿ ತೀರಿಕೊಂಡಳು. ಬೆಳಗಾದ ಮೇಲೆ ಊರಾಚೆ, ಗದ್ದೆಗಳನ್ನು ದಾಟಿ ಸಿಗುವ ಮರಳುದಿಬ್ಬದಲ್ಲಿ ಮಣ್ಣು ಮಾಡಿದರು. ಮಧ್ಯಾಹ್ನ ಅಲ್ಲಿಂದ ಮರಳಿದ ಮೇಲೆ ಅಜ್ಜಿಯ ಸೊಸೆ ಬಿಕ್, ತಲೆಗೆ ಕಟ್ಟಿದ್ದ ಸೂತಕದ ಬಿಳಿ ಬಟ್ಟೆಯನ್ನೂ ಬಿಚ್ಚದೆ ತ್ರಾಮ್‌ಳ ಗೇಟಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

“ಅತ್ತೆ ಒಂದು ಮಾತು ಹೇಳು ಅಂದಿದ್ರು. ಸೆನ್ ದೊಡ್ಡತ್ತೆ ಹೊಳೇಲಿ ಹೋದ್ಮೇಲೂ ಬರ್ತಿದ್ರಂತೆ. ಹನ್ನೊಂದು ವರ್ಷ. ಬಟ್ಟೆ ಕೊಳೆತು ಕೊನೇ ಎಳೆ ಉದುರೋ ತನಕ. ಗೇಟು ತೆಗೀದಿದ್ರೆ ಬೆಳಗಿನವರೆಗೂ ಹೊರಗೆ ನಿಂತು ಅಳ್ತಿದ್ರಂತೆ. ದಿನಾ ನಮ್ಮತ್ತೇನೇ ಹೋಗಿ ತೆಗೀತಿದ್ರು.”

“ಸತ್ತ ಮೇಲೆ ಮುಗಿಯುತ್ತೆ ಅಂದಿದ್ರಲ್ಲ...”

“ನಿಜ ಹೇಳಿದ್ರೆ ನೀವು ಒಪ್ತಿರ್ಲಿಲ್ಲ ಅಂದ್ರು.” ಬಿಕ್ ತಲೆ ತಗ್ಗಿಸಿದಳು. “ನಾವು ಇವತ್ತೇ ಊರು ಬಿಟ್ಟು ಹ್ವೇ ಪಟ್ಟಣಕ್ಕೆ ಹೊರಟ್ವಿ, ಅಕ್ಕ. ಮಕ್ಕಳಿದ್ದಾರೆ.”

ಸೈಗಾನಿನ ಬಸ್ಸು ಐದಕ್ಕಿತ್ತು. ತ್ರಾಮ್ ಚೀಲ ತುಂಬಿದಳು. ಅಂಗಳ ದಾಟುವಾಗ ಕೈ ಎತ್ತಿ ಗೂಡುದೀಪದ ಬಟ್ಟೆ ಮುಟ್ಟಿದಳು. ದಪ್ಪನೆಯ ಕಂದು ರೇಷ್ಮೆ. ಒಂದು ಎಳೆಯೂ ಜಗ್ಗಿರಲಿಲ್ಲ. ಚೀಲ ಕೆಳಗಿಟ್ಟಳು.

ಐದು ಕಳೆಯಿತು. ಆರಾಯಿತು. ಬೆಳಕು ಮೂಡಿತು. ಓಣಿಯ ನಾಯಿಗಳು ಒಮ್ಮೆಲೇ ಸುಮ್ಮನಾದವು. ಹಸಿ ಮರಳಿನ ವಾಸನೆ. ದೂರದಲ್ಲಿ ಹೆಜ್ಜೆ. ಎದುರು ಮನೆಯ ಕಡೆಯಿಂದಲ್ಲ. ಗದ್ದೆಗಳ ಕಡೆಯಿಂದ. ನೇರವಾಗಿ. ಹತ್ತಿರ. ಇನ್ನೂ ಹತ್ತಿರ. ಗೇಟಿನ ಚಿಲಕ ಸಣ್ಣಗೆ ಅಲುಗಿತು.

ತ್ರಾಮ್ ಕುರ್ಚಿಯನ್ನು ದೀಪದ ಕೆಳಗೆ ಎಳೆದಿಟ್ಟು, ಹೋಗಿ ಗೇಟು ತೆಗೆದಳು.