ಮನೋಹರ ಹೇಳಿದ ಎರಡನೆಯ ಸಾಕ್ಷಿ

"ಹದಿಮೂರು ವರ್ಷದಿಂದ ನಾನು ಒಂದೇ ಒಂದು ಮಾತ್ರೆ ನುಂಗಿಲ್ಲ. ಕರ್ತನು ನನ್ನ ಮೂರ್ಛೆರೋಗ ವಾಸಿ ಮಾಡಿದ್ದಾನೆ."

ಮೈಕಿನಲ್ಲಿ ಆ ಧ್ವನಿ ಕೇಳಿದ ಕ್ಷಣ ಭಾಗ್ಯಶ್ರೀ ತಲೆಯೆತ್ತಿದಳು.

ಈ ಧ್ವನಿ ತನಗೆ ಗೊತ್ತು… ಚೆನ್ನಾಗಿಯೇ ಗೊತ್ತು.

ಅವಳು ಎದುರು ಕೂತವರ ತಲೆಗಳ ನಡುವೆ ಇಣುಕಿ ನೋಡಿದಳು. ಬಿಳಿ ಅಂಗಿ, ಕೀಬೋರ್ಡಿನ ಹಿಂದೆ ನಿಂತ ಉದ್ದನೆಯ ಮೈಕಟ್ಟು, ಮಾತಾಡುವಾಗ ನೆಲ ನೋಡುವ ಆ ಕಣ್ಣು. ಮನೋಹರ್!

ಶೆಟ್ಟಿಹಳ್ಳಿಯ ಆ ಪ್ರಾರ್ಥನಾ ಮಂದಿರಕ್ಕೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಶೀಟ್ ಹಾಕಿದ ಮೊದಲ ಮಹಡಿ, ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಅವಳು ಬಂದಿದ್ದು ಪ್ರಾರ್ಥನೆಗಲ್ಲ, ಪಾಸ್ಟರ್ ಜೊತೆ ಜಗಳಕ್ಕೆ. ಕಳೆದ ಭಾನುವಾರ ಅವಳ ತಾಯಿ ಪಾರವ್ವ ತನ್ನ ಫಿಟ್ಸ್ ಮಾತ್ರೆಗಳನ್ನೆಲ್ಲ ಇಲ್ಲಿಯ ನೀಲಿ ಬಕೆಟ್ಟಿಗೆ ಹಾಕಿ ಹೋಗಿದ್ದಳು.

ಹೌದು, ಅಲ್ಲಿ ಅಂಥದ್ದೊಂದು ಪದ್ಧತಿ ಇತ್ತು. ಮೈಕಿನ ಪಕ್ಕದಲ್ಲಿ ಒಂದು ನೀಲಿ ಬಕೆಟ್. ನಂಬಿಕೆ ಗಟ್ಟಿಯಾಯಿತು ಅನ್ನಿಸಿದವರು ಎದ್ದು ಹೋಗಿ ತಮ್ಮ ಮಾತ್ರೆ, ಕನ್ನಡಕ, ಇನ್ಹೇಲರ್ ಅದರೊಳಗೆ ಹಾಕಬೇಕು. ಉಳಿದವರು ಚಪ್ಪಾಳೆ ತಟ್ಟಿ ಸ್ತೋತ್ರ ಹೇಳಬೇಕು.

ಪಕ್ಕದಲ್ಲಿ ಕೂತಿದ್ದ ಪಾರವ್ವ ಮಗಳ ಕೈ ಅದುಮಿದಳು. "ನೋಡ ಭಾಗ್ಯಾ, ಪಾಸ್ಟರ್ ಅವರ ಮಗಾ. ಸಣ್ಣಾಂವ ಇದ್ದಾಗ ದಿನಕ್ಕ ಎರಡ ಸಲ ಬೀಳತಿದ್ನಂತ. ಇವನ್ನ ನೋಡೇ ನನಗೂ ಧೈರ್ಯ ಬಂತು."

ಭಾಗ್ಯಶ್ರೀ ಕೆಲಸ ಮಾಡುವುದು ಯಲಹಂಕದ ಒಂದು ಮೆಡಿಕಲ್ ಅಂಗಡಿಯಲ್ಲಿ. ಪ್ರತಿ ತಿಂಗಳ ಮೊದಲ ಸೋಮವಾರ, ಹನ್ನೊಂದು ಗಂಟೆಗೆ, ಇದೇ ಮನೋಹರ್ ಅಲ್ಲಿಗೆ ಬರುತ್ತಿದ್ದ. ಬೆಳಿಗ್ಗೆ ಒಂದು, ಸಂಜೆ ಒಂದು… ತಿಂಗಳಿಗೆ ಅರವತ್ತು ಮಾತ್ರೆ. ಮೊನ್ನೆ ಸೋಮವಾರವೂ ಅವಳೇ ಎಣಿಸಿ ಕವರಿಗೆ ಹಾಕಿ ಕೊಟ್ಟಿದ್ದಳು.

ಕೊಟ್ಟು ಸುಮ್ಮನಿದ್ದಳೇ? ಇಲ್ಲ ಬಿಡಿ. ಹದಿನಾಲ್ಕು ತಿಂಗಳಿನಿಂದ ಮೊದಲ ಸೋಮವಾರ ಬಂತೆಂದರೆ ಅವಳ ಜಡೆಗೆ ಮಲ್ಲಿಗೆ ಏರುತ್ತಿತ್ತು. ತೂಕದ ಯಂತ್ರ ರಿಪೇರಿ ಮಾಡುವ ಕೆಲಸ ಅವನದು. ಒಮ್ಮೆ ಅಂಗಡಿಯ ಮುಂದಿನ ಯಂತ್ರವನ್ನು ಬಿಚ್ಚಿ ಸರಿಮಾಡಿ, "ಇದು ಎಲ್ರನ್ನೂ ಎರಡು ಕೇಜಿ ಜಾಸ್ತಿ ತೋರಿಸ್ತಿತ್ತು. ನೀವು ಸುಮ್ನೆ ಊಟ ಬಿಡ್ತಿದ್ರಿ ಅಲ್ವಾ?" ಎಂದು ನಕ್ಕಿದ್ದ. ಆ ನಗುವಿಗೆ ಅವಳು ಸೋತು ಎಷ್ಟೋ ತಿಂಗಳಾಗಿತ್ತು.

ತೂಕದ ಯಂತ್ರದ ಸುಳ್ಳು ಸರಿಮಾಡುವವನು ಇಲ್ಲಿ ನಿಂತು ಇಂಥ ಸುಳ್ಳು ಹೇಳುತ್ತಿದ್ದಾನಲ್ಲ…

ಸಭೆ ಮುಗಿದಾಗ ಅವಳು ಮೆಟ್ಟಿಲ ಬಳಿ ಅವನನ್ನು ತಡೆದಳು.

"ಭಾಗ್ಯ ಅವ್ರೇ… ನೀವು ಇಲ್ಲಿ?" ಅವನ ಮುಖ ಬಿಳಿಚಿಕೊಂಡಿತು.

"ಆ ಬಕೆಟ್ಟಲ್ಲಿ ನಮ್ಮವ್ವನ ಮಾತ್ರೆ ಇದೆ. ನೀವು ತಗೊಳ್ಳೋ ಮಾತ್ರೆನೇ ಮನೋಹರ್, ಅದೇ ಕಂಪನಿದು. ಎರಡು ವರ್ಷದ ಹಿಂದೆ ಆಟೋ ಗುದ್ದಿ ತಲೆಗೆ ಪೆಟ್ಟಾದಾಗಿಂದ ಅವಳಿಗೆ ಫಿಟ್ಸ್ ಬರುತ್ತೆ. ಮಾತ್ರೆಯಿಂದ ಒಂದು ವರ್ಷ ಏನೂ ಇರ್ಲಿಲ್ಲ. ಈಗ ನಿಮ್ಮ ಸಾಕ್ಷಿ ಕೇಳಿ ಬಿಟ್ಟಿದ್ದಾಳೆ."

"ಪಾರವ್ವಮ್ಮ… ನಿಮ್ಮ ತಾಯೀನಾ?"

"ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತ ಕೇಳಿದ್ದೆ. ಇವತ್ತು ನೋಡ್ದೆ. ಅಪ್ಪ, ಮಗ ಇಬ್ರೂ ಸೇರ್ಕೊಂಡು ಚೆನ್ನಾಗಿ ನಡೆಸ್ತಿದೀರ."

"ಅಪ್ಪಂಗೆ ಗೊತ್ತಿಲ್ಲ ಕಣ್ರೀ. ನನ್ನಾಣೆ."

"ಇನ್ಮೇಲೆ ನಮ್ಮ ಅಂಗಡಿಗೆ ಬರ್ಬೇಡಿ."

ಅಷ್ಟು ಹೇಳಿ ಅವಳು ತಾಯಿಯ ಕೈ ಹಿಡಿದು ಇಳಿದುಬಿಟ್ಟಳು. ರಸ್ತೆಗೆ ಬಂದ ಮೇಲೆ ಅಳು ಬಂತು. ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಕಣ್ಣಿಗೆ ಧೂಳು ಬಿತ್ತು ಎಂದಳು.

ಗಿರಾಕಿಯ ಕಾಯಿಲೆಯನ್ನು ಹೊರಗೆ ಹೇಳಬಾರದು ಎಂಬುದು ಅವಳ ಕೆಲಸದ ಮೊದಲ ಪಾಠ. ಮನೆಗೆ ಹೋಗಿ ಅದನ್ನೂ ಮುರಿದಳು. ಆ ಹುಡುಗ ದಿನಾ ಮಾತ್ರೆ ನುಂಗುತ್ತಾನೆ ಎಂದು ತಾಯಿಗೆ ಹೇಳಿಯೇಬಿಟ್ಟಳು.

ಪಾರವ್ವ ಕಿವಿ ಮುಚ್ಚಿಕೊಂಡಳು. "ಸೈತಾನ ನಿನ್ನ ಬಾಯಾಗ ಕುಂತ ಮಾತಾಡಾಕತ್ಯಾನ. ಪಾಪದ ಹುಡುಗನ ಮ್ಯಾಲ ಸುಳ್ಳ ಹೇಳಬ್ಯಾಡವ್ವಾ."

ಪಾರವ್ವನನ್ನು ದೂರಿ ಏನು ಪ್ರಯೋಜನ? ಗಂಡ ಸಿದ್ರಾಮಪ್ಪ ವಿಜಯಪುರದ ಕಡೆಯಿಂದ ಜಾಲಹಳ್ಳಿಯ ಕಾರ್ಖಾನೆ ಕೆಲಸಕ್ಕೆ ಬಂದಾಗ ಅವಳನ್ನು ಕರೆತಂದವನು, ಮೂರು ವರ್ಷದ ಹಿಂದೆ ತೀರಿಕೊಂಡ. ಮಗಳು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಆ ಖಾಲಿ ಮನೆಯ ಬಾಗಿಲು ತಟ್ಟಿ, "ಊಟ ಆಯ್ತಾ ಅಕ್ಕಾ?" ಎಂದು ಕೇಳಿದವರು ಮಂದಿರದ ಹೆಂಗಸರೇ. ಆ ಪ್ರೀತಿ ನಿಜವಾದದ್ದು, ಅದನ್ನು ಭಾಗ್ಯಶ್ರೀಯೂ ಒಪ್ಪುತ್ತಿದ್ದಳು. ಆದರೆ ಅದರ ಬೆನ್ನಿಗೇ ಒಂದೊಂದೇ ಕಟ್ಟಳೆ ಬಂತು. ಪಾರವ್ವನ ತಂಗಿಯ ಮನೆಯ ಗಣೇಶ ಹಬ್ಬದ ಹೋಳಿಗೆ ವಿಗ್ರಹಕ್ಕಿಟ್ಟದ್ದು, ತಿನ್ನಬಾರದು. ತಂಗಿ ಅತ್ತು, ಬರುವುದನ್ನೇ ಬಿಟ್ಟಳು. ಕೊನೆಗೆ ಮಾತ್ರೆಯೂ ಅಪನಂಬಿಕೆಯ ಗುರುತಾಯಿತು. ಪ್ರೀತಿಸುವವರು ಹೇಳಿದ ಮಾತನ್ನು ತಳ್ಳಿಹಾಕುವುದು ಸುಲಭವೇ?

ಬುಧವಾರ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದ ಪಾರವ್ವ ಒಗೆಯುವ ಕಲ್ಲಿನ ಮೇಲೆಯೇ ಬಿದ್ದಳು. ತಲೆ ಒಡೆದು ಏಳು ಹೊಲಿಗೆ ಬಿತ್ತು.

ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವಳು ಮೊದಲು ಹೇಳಿದ ಮಾತು, "ನನ್ನ ನಂಬಿಕಿ ಸಾಲಲಿಲ್ಲ ಭಾಗ್ಯಾ. ತಪ್ಪ ನಂದ."

ಬಿದ್ದವಳು ಅವಳು, ಪೆಟ್ಟಾದದ್ದು ಅವಳಿಗೆ. ಈಗ ಅಪರಾಧಿಯೂ ಅವಳೇ!

ಮಧ್ಯಾಹ್ನ ಪಾಸ್ಟರ್ ಬಂದರು. ಹೆಸರು ಮುನಿಆಂಜಿನಪ್ಪ. ದೇವರನ್ನು ಬದಲಿಸಿದ್ದರೂ ಹೆಸರು ಬದಲಿಸಿರಲಿಲ್ಲ, ಕಾಗದಪತ್ರಕ್ಕೆ ಯಾರು ಅಲೆಯುತ್ತಾರೆ ಎಂದು ಹಾಗೇ ಬಿಟ್ಟಿದ್ದರು. ಕೈಯಲ್ಲಿ ಫ್ಲಾಸ್ಕಿನ ತುಂಬ ರಾಗಿ ಗಂಜಿ.

ಅವರಿಗಾಗಿ ಭಾಗ್ಯಶ್ರೀ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೆರಡಲ್ಲ. ಆದರೆ ಆ ಮನುಷ್ಯ ಮಂಚದ ಪಕ್ಕ ಕೂತು ಮಗುವಿನಂತೆ ಅತ್ತರು.

"ಇಂಗಾಗ್ಬಾರ್ದಿತ್ತು ಕಣಮ್ಮಾ. ಮೂರು ದಿವ್ಸ ಉಪಾಸ ಮಾಡ್ತೀನಿ. ನನ್ ಮಗನ್ನ ಉಳಿಸ್ದೋನು ನಿಮ್ ತಾಯಿನ ಕೈಬಿಡಕ್ಕಿಲ್ಲ. ನನ್ ಮಗ ಅಂದ್ರೆ ಸತ್ತು ಎದ್ದೋನು ಕಣಮ್ಮಾ."

ಅವರ ಕಣ್ಣು ನೋಡಿದ ಭಾಗ್ಯಶ್ರೀಗೆ ಅರ್ಥವಾಯಿತು. ಇವರಿಗೆ ನಿಜವಾಗಿಯೂ ಗೊತ್ತಿಲ್ಲ. ತಾನು ಮೆಟ್ಟಿಲ ಬಳಿ ಅಂದದ್ದು ತಪ್ಪು.

ಹೊರಗೆ ಹೊರರೋಗಿಗಳ ಬೆಂಚಿನಲ್ಲಿ ಮನೋಹರ್ ಕೂತಿದ್ದ. ಅವಳು ಹೋಗಿ ಒಂದು ಮಾರು ದೂರದಲ್ಲಿ ಕೂತಳು.

"ನಿಮ್ಮಪ್ಪಂಗೆ ಗೊತ್ತಿಲ್ಲ ಅಂದ್ರಿ. ನಾನು ನಂಬ್ಲಿಲ್ಲ. ತಪ್ಪಾಯ್ತು."

ಅವನು ತಲೆಯಾಡಿಸಿದ. ಮೆಲ್ಲಗೆ ಹೇಳತೊಡಗಿದ.

"ಅಪ್ಪ ಆಗ ತುಂಬಾ ಕುಡೀತಿದ್ರು. ಅಮ್ಮಂಗೆ ಹೊಡೀತಿದ್ರು. ನಂಗೆ ವಾಸಿ ಆದ್ರೆ ದೇವರ ಕೆಲಸಕ್ಕೆ ನಿಲ್ತೀನಿ ಅಂತ ಹರಕೆ ಹೊತ್ರು. ನಂಗೆ ಫಿಟ್ಸ್ ನಿಂತೋಯ್ತು. ಅವತ್ತಿಂದ ಒಂದು ತೊಟ್ಟು ಮುಟ್ಟಿಲ್ಲ. ಆದ್ರೆ ನಿಲ್ಸಿದ್ದು ಅಮ್ಮ ಭಾಗ್ಯ ಅವ್ರೇ. ಮುದ್ದೆ ತುತ್ತೊಳಗೆ ಮಾತ್ರೆ ಇಟ್ಟು ನುಂಗಿಸ್ತಿದ್ಲು. ಬೆಳಿಗ್ಗೆ ಒಂದು, ಸಂಜೆ ಒಂದು."

"ಹೇಳ್ಬಹುದಿತ್ತಲ್ಲಾ…"

"ಹೇಳಿದ್ರೆ ಅಪ್ಪ ಮತ್ತೆ ಕುಡೀತಾರೆ ಅಂತ ಅವಳಿಗೆ ಭಯ. ಸಾಯೋವಾಗ್ಲೂ ಹೇಳ್ಬೇಡ ಅಂತ ಕೈಮೇಲೆ ಕೈ ಹಾಕಿಸ್ಕೊಂಡ್ಲು. ಊರಲ್ಲಿ ತಗೊಂಡ್ರೆ ಗೊತ್ತಾಗುತ್ತೆ ಅಂತ ಯಲಹಂಕಕ್ಕೆ ಬರ್ತಿದ್ದೆ. ಮದ್ವೆನೇ ಬೇಡ ಅಂತ ಇದ್ದೆ… ಹೆಂಡ್ತಿ ಹತ್ರಾನೂ ಬಚ್ಚಿಡ್ಬೇಕಲ್ವಾ ಅಂತ. ನಿಮ್ಮ ಕೌಂಟರ್ ಮುಂದೆ ನಿಂತಾಗ ಮಾತ್ರ ನಾನು ಏನನ್ನೂ ಬಚ್ಚಿಡ್ತಿರ್ಲಿಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಭಾಗ್ಯಶ್ರೀ ಜೀವ ಬಿಡುತ್ತಿದ್ದಳು. ಆದರೆ ಒಳಗೆ ಮಲಗಿದ್ದವಳು ಅವಳ ಅವ್ವ.

"ಮನೆಗೆ ಹೋದ್ರೆ ಅವ್ವ ಮತ್ತೆ ಮಾತ್ರೆ ಮುಟ್ಟಲ್ಲ. ನಾನು ಹೇಳಿದ್ರೆ ಸೈತಾನ ಅಂತಾಳೆ. ನೀವು ಹೇಳಿದ್ರೆ ಮಾತ್ರ ಕೇಳೋದು." ಅವಳು ಅವನ ಮುಖ ನೋಡಿದಳು. "ನಿಮ್ಮಪ್ಪ ಉಳೀಲಿ ಅಂತ ನಮ್ಮವ್ವ ಸಾಯ್ಬೇಕಾ ಮನೋಹರ್?"

ಅವನು ಎದ್ದು ಹೋದ.

*ಮುಗೀತು… ಇಷ್ಟೇ ಇವನ ಕೈಲಾಗೋದು* ಎಂದುಕೊಂಡಳು ಭಾಗ್ಯಶ್ರೀ. ಪಾಪ, ಅವನು ಭಾನುವಾರದ ತನಕ ಏನು ಅನುಭವಿಸಿದ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಭಾನುವಾರ ಪಾರವ್ವ ಹಟ ಹಿಡಿದಳು. ತಲೆಗೆ ಬ್ಯಾಂಡೇಜು ಸುತ್ತಿಕೊಂಡೇ ಮಂದಿರಕ್ಕೆ ಹೋಗಬೇಕು, ಎಲ್ಲರ ಮುಂದೆ ತನ್ನ ಅಪನಂಬಿಕೆಯನ್ನು ಒಪ್ಪಿಕೊಳ್ಳಬೇಕು. ಭಾಗ್ಯಶ್ರೀ ಮಾತ್ರೆಯ ಪಟ್ಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು, ತಾಯಿಯನ್ನು ನಡೆಸಿಕೊಂಡು ಹೋದಳು.

ಪಾಸ್ಟರ್ ಪಾರವ್ವನ ಹೆಸರು ಕರೆದರು. ಅವಳು ಏಳುವಷ್ಟರಲ್ಲಿ ಕೀಬೋರ್ಡು ನಿಂತಿತು.

"ಅಮ್ಮಾ, ನೀವು ಕೂತ್ಕೊಳ್ಳಿ. ಮೊದ್ಲು ನಂದಿದೆ."

ಮನೋಹರ್ ಮುಂದೆ ಬಂದ. ಒಂದು ಕೈಯಲ್ಲಿ ಮೈಕು ಹಿಡಿದ. ಇನ್ನೊಂದು ಕೈಯಿಂದ ಜೇಬಿನೊಳಗಿನ ಮಾತ್ರೆಯ ಪಟ್ಟಿ ತೆಗೆದು ಎತ್ತಿ ಹಿಡಿದ.

ಅಭ್ಯಾಸಬಲದಿಂದ ಒಂದಿಬ್ಬರು ಚಪ್ಪಾಳೆ ತಟ್ಟಿದರು, ಬಕೆಟ್ಟಿಗೆ ಹಾಕುತ್ತಾನೆಂದು.

"ಇದು ನಂದು. ಹದಿಮೂರು ವರ್ಷದಿಂದ ದಿನಾ ಎರಡು ಸಲ ನುಂಗ್ತಿದೀನಿ. ಇವತ್ತು ಬೆಳಿಗ್ಗೇನೂ ನುಂಗಿದೀನಿ. ಇಷ್ಟು ದಿನ ನಿಮ್ಮ ಮುಂದೆ ಸುಳ್ಳು ಹೇಳಿದೆ. ಪಾರವ್ವಮ್ಮ ಬಿದ್ದಿದ್ದು ಅವರ ನಂಬಿಕೆ ಕಡಿಮೆಯಾಗಿ ಅಲ್ಲ. ನನ್ನ ಸುಳ್ಳು ನಂಬಿ."

ಯಾರೋ ಹಿಂದಿನಿಂದ "ಸೈತಾನ" ಎಂದರು. ಮೂರ್ನಾಲ್ಕು ಜನ ಎದ್ದು ಹೊರಗೆ ನಡೆದರು.

ಮುನಿಆಂಜಿನಪ್ಪ ಮಗನನ್ನೇ ನೋಡುತ್ತಿದ್ದರು.

"ಯಾರ್ ಕೊಡ್ತಿದ್ರು ನಿಂಗೆ?"

"ಅಮ್ಮ. ಮುದ್ದೆ ಒಳಗಿಟ್ಟು."

ಅವರು ಅಲ್ಲಿಯೇ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತರು. "ಅವ್ಳಾ… ನನ್ನಿಂದ ಅವಳ್ಗೆ ಇಷ್ಟು ಭಯ ಇತ್ತಾ?" ಅಷ್ಟೇ ಕೇಳಿದರು. ಮನೋಹರ್ ಅವರ ಪಕ್ಕ ಕೂತು ಹೆಗಲು ಹಿಡಿದ.

ಭಾಗ್ಯಶ್ರೀಯ ಕಣ್ಣು ತುಂಬಿ ಬಂತು. ಹದಿಮೂರು ವರ್ಷದ ಮರ್ಯಾದೆ, ಅಪ್ಪನ ಬದುಕು, ಸತ್ತ ತಾಯಿಗೆ ಕೊಟ್ಟ ಮಾತು… ಎಲ್ಲವನ್ನೂ ಪಣಕ್ಕಿಟ್ಟು ನಿಂತಿದ್ದ ಹುಡುಗ. ಇಂಥವನನ್ನು ತಾನು ಗಾಳ ಹಾಕುವವನು ಅಂದೆನಲ್ಲ! ಆ ಕ್ಷಣ ಅವಳಿಗೆ ಅವನ ಮೇಲೆ ಹುಟ್ಟಿದ ಗೌರವದ ಮುಂದೆ ಹದಿನಾಲ್ಕು ತಿಂಗಳ ಮೋಹ ಏನೇನೂ ಅಲ್ಲ.

ಆಗ ಪಾರವ್ವ ಎದ್ದಳು. ಕುರ್ಚಿಗಳನ್ನು ಹಿಡಿದುಕೊಂಡು ನಿಧಾನವಾಗಿ ಮುಂದೆ ಹೋದಳು. ಅಲ್ಲಿದ್ದ ಕುಡಿಯುವ ನೀರಿನ ಕ್ಯಾನಿನಿಂದ ಒಂದು ಲೋಟ ತುಂಬಿಸಿಕೊಂಡಳು.

"ಭಾಗ್ಯಾ, ನನ್ನ ಗುಳಿಗಿ ತಂದೀಯೇನು?"

"ತಂದೀನಿ ಅವ್ವಾ."

ಎಲ್ಲರ ಎದುರು ಪಾರವ್ವ ಮಾತ್ರೆ ನುಂಗಿ ನೀರು ಕುಡಿದಳು. ಲೋಟವನ್ನು ಮತ್ತೆ ತುಂಬಿಸಿ ಪಾಸ್ಟರ್ ಕೈಗೆ ಕೊಟ್ಟಳು. "ಕುಡೀರಿ ಅಣ್ಣಾರ. ಅಳಬ್ಯಾಡ್ರಿ. ದೇವರು ನಿಮ್ಮ ಮಗನ್ನ ಉಳಿಸ್ಯಾನ. ನಿಮ್ಮ ಹೆಂಡ್ತಿ ಕೈಲೆ ಉಳಿಸ್ಯಾನ."

ಮುನಿಆಂಜಿನಪ್ಪ ನೀರು ಕುಡಿದರು. ಎದ್ದು ಹೋಗಿ ನೀಲಿ ಬಕೆಟ್ಟನ್ನು ತಾವೇ ಎತ್ತಿ ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿಬಂದರು. ಅವತ್ತು ಉಪದೇಶ ಇರಲಿಲ್ಲ.

ಅರ್ಧಕ್ಕರ್ಧ ಜನ ಬೇರೆ ಸಭೆಗೆ ಹೋದರು ಎಂದು ಆಮೇಲೆ ಪಾರವ್ವನೇ ಹೇಳಿದಳು. ಉಳಿದವರಿಗೆ ಪಾಸ್ಟರ್ ಪ್ರತಿ ಭಾನುವಾರ ಪ್ರಾರ್ಥನೆಗೆ ಮೊದಲು ಒಂದು ಮಾತು ಕೇಳುತ್ತಾರಂತೆ, "ಎಲ್ರೂ ಮಾತ್ರೆ ನುಂಗಿ ಬಂದ್ರಾ?" ಅವರು ಹೆಂಡದ ಅಂಗಡಿಯ ಕಡೆ ತಲೆ ಹಾಕಿಲ್ಲ. ಮನೋಹರನ ತಾಯಿ ಹೆದರಿದ್ದು ಸುಳ್ಳಾಯಿತು. ಅದನ್ನು ನೋಡಲು ಅವಳಿರಬೇಕಿತ್ತು.

ಗಣೇಶ ಹಬ್ಬಕ್ಕೆ ಪಾರವ್ವ ತಂಗಿಯ ಮನೆಗೆ ಹೋಗಿ ಹೋಳಿಗೆ ತಿಂದು ಬಂದಳು. ಭಾನುವಾರ ಮಂದಿರಕ್ಕೂ ಹೋದಳು.

ಮುಂದಿನ ತಿಂಗಳ ಮೊದಲ ಸೋಮವಾರ ಬಂತು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಭಾಗ್ಯಶ್ರೀ ಜಡೆಯ ಮಲ್ಲಿಗೆಯನ್ನು ತೆಗೆದುಬಿಡಲೇ ಎಂದು ಯೋಚಿಸುತ್ತಿದ್ದಳು. ಬರಬೇಡಿ ಎಂದವಳು ತಾನೇ ಅಲ್ಲವೇ…

ಹನ್ನೆರಡಕ್ಕೆ ಮನೋಹರ್ ಕೌಂಟರಿನ ಮುಂದೆ ನಿಂತಿದ್ದ.

ಅವಳು ಏನೂ ಕೇಳದೆ ತಿರುಗಿ ಡ್ರಾಯರ್ ಎಳೆದು ಮಾತ್ರೆ ಎಣಿಸತೊಡಗಿದಳು.

"ಬೇಡ. ತಗೊಂಡಾಯ್ತು." ಅವನು ಕೈಯಲ್ಲಿದ್ದ ಕವರನ್ನು ತೋರಿಸಿದ. "ನಮ್ಮ ಬೀದಿ ಮೆಡಿಕಲ್ಲಲ್ಲೇ ತಗೊಂಡೆ. ಅಪ್ಪಾನೂ ಜೊತೆಗೆ ಬಂದಿದ್ರು. ಎಲ್ರೂ ನೋಡ್ತಿದ್ರು."

"ಮತ್ತೆ… ಇಷ್ಟು ದೂರ ಯಾಕೆ ಬಂದ್ರಿ?"

"ಮಾತ್ರೆಗೋಸ್ಕರ ಬರೋದು ಮುಗೀತು. ಈಗ ಯಾತಕ್ಕೆ ಬಂದೆ ಅಂತ ನಿಮ್ಗೆ ಗೊತ್ತು."

"ಗೊತ್ತಿಲ್ಲ. ನಿಜ ಹೇಳೋದು ಕಲ್ತಿದೀರಲ್ಲ, ಅದನ್ನೂ ಹೇಳಿ."

ಅವನು ಈ ಸಲ ನೆಲ ನೋಡಲಿಲ್ಲ. "ನಂಗೆ ನೀವು ಬೇಕು ಭಾಗ್ಯ. ಕಾಯಿಲೆ ಇದೆ, ಮಾತ್ರೆ ಇದೆ, ಅರ್ಧ ಖಾಲಿಯಾದ ಮಂದಿರ ಇದೆ. ಇಷ್ಟೇ ನನ್ ಹತ್ರ ಇರೋದು. ನೀವು ನಿಮ್ಮ ದೇವರಿಗೇ ಕೈ ಮುಗೀರಿ, ಬದಲಾಗಿ ಅಂತ ಯಾವತ್ತೂ ಕೇಳಲ್ಲ. ಅಪ್ಪಂಗೂ ಹೇಳಿಯೇ ಬಂದೆ."

ಭಾಗ್ಯಶ್ರೀ ಡ್ರಾಯರ್ ಮುಚ್ಚಿದಳು. ಅವನ ಕೈಯಲ್ಲಿದ್ದ ಕವರನ್ನು ತನ್ನ ಕಡೆ ಎಳೆದುಕೊಂಡು, ಮಾತ್ರೆಯ ಪಟ್ಟಿ ತೆಗೆದು ಮೇಲೆ ಬರೆದದ್ದನ್ನು ಓದಿದಳು.

"ಸಂಜೇದು ಎಷ್ಟು ಗಂಟೆಗೆ ತಗೋತೀರಾ?"

"ಏಳಕ್ಕೆ."

"ಹಾಗಾದ್ರೆ ಏಳು ಗಂಟೆಗೆ ನಮ್ಮನೆಗೆ ಬನ್ನಿ. ಅವ್ವಂದೂ ಏಳಕ್ಕೇ. ಇಬ್ರಿಗೂ ನಾನೇ ನೀರು ಕೊಡ್ತೀನಿ."

"ಇವತ್ತಾ?"

"ಇವತ್ತಿಂದ," ಎಂದಳು ಅವಳು.