ಮುಂಗೈ ಮೇಲಿನ ಶಿಲುಬೆ

"ಎಸ್ರು ನೋಡುದ್ರೆ ಕುಸುಮ, ತಲೇಲಿ ಒಂದು ಊವಿಲ್ಲ. ಯಾರ್ ಮೇಲೆ ಕ್ವಾಪ?"

ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೊಸದಾಗಿ ಸೇರಿದ ಮೆಕ್ಯಾನಿಕ್ ಸ್ವರೂಪ ಮೊದಲ ದಿನವೇ ಕೇಳಿದ್ದು ಇದನ್ನು. ಅವಳ ಹೊಲಿಗೆ ಮಿಷನ್ನಿನ ಸೂಜಿ ಬದಲಿಸಲು ಬಂದವನು ಜಡೆಯನ್ನೇ ನೋಡುತ್ತಾ ಬೆರಳಿಗೆ ಚುಚ್ಚಿಕೊಂಡಿದ್ದ.

"ನಾವು ಪ್ರಾರ್ಥನೆಯೋರು. ಊವ, ಒಡವೆ ಏನೂ ಆಕಲ್ಲ," ಎಂದಳು ಕುಸುಮ. "ಮೈಯಿ ದೇವ್ರ ಗುಡಿ. ಅದುಕ್ಕೆ ಸಿಂಗಾರ ಬ್ಯಾಡ."

"ಗುಡಿ ಅಂದ್ಮೇಲೆ ಊವ ಇರ್ಬೇಕು ಕಣಮ್ಮ."

ನಗಬಾರದು ಅಂದುಕೊಂಡೇ ನಕ್ಕಳು. ಅಲ್ಲಿಗೆ ಕೆಟ್ಟಿತು ಕೆಲಸ.

ಸಂಜೆ ಬಸ್ಸಿಗೆ ಕಾಯುವಾಗ ಇಬ್ಬರೂ ಒಂದೇ ಕಲ್ಲುಬೆಂಚಿನ ಎರಡು ತುದಿಗೆ ಕೂರುವುದು ರೂಢಿಯಾಯಿತು. ನಡುವೆ ಊಟದ ಬ್ಯಾಗು. ಒಮ್ಮೆ ಅವನ ಕೈ ಬ್ಯಾಗು ದಾಟಿ ಬಂದಾಗ ಅವಳು ಮೆಲ್ಲಗೆ ಹೇಳಿದಳು, "ಮದ್ವೆಗೆ ಮುಂಚೆ ಬ್ಯಾಡ ಸ್ವರೂಪ. ಈ ಮೈ ನಂದಲ್ಲ."

ಮುನಿಸಿಕೊಳ್ಳುತ್ತಾನೆ ಅಂದುಕೊಂಡಿದ್ದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಬ್ಯಾಗಿನ ಸಿಕ್ಕಿಕೊಂಡಿದ್ದ ಜಿಪ್ಪನ್ನು ಸರಿಮಾಡಿಕೊಟ್ಟ. ಆಗ ಅವನ ಮೇಲೆ ಎಷ್ಟು ಆಸೆಯಾಯಿತೆಂದರೆ, ಅವಳಿಗೆ ತನ್ನ ಮೇಲೇ ಭಯವಾಯಿತು.

ಅವಳ ಅಪ್ಪ ಮಾದಯ್ಯ ಮಳವಳ್ಳಿ ದಾರಿಯ ಹಳ್ಳಿಯಲ್ಲಿ, ಮನೆ ಮುಂದೆ ಶೀಟು ಹಾಕಿ ಭಾನುವಾರದ ಪ್ರಾರ್ಥನೆ ನಡೆಸುವವನು. ಮಗಳು ವಿಷಯ ಬಾಯಿಬಿಟ್ಟಾಗ ಬೈಯಲಿಲ್ಲ. "ಕರ್ಕಂಡು ಬಾ. ಉಡ್ಗ ದೀಕ್ಷಾಸ್ನಾನಕ್ಕೆ ಒಪ್ಪುದ್ರೆ ನೋಡವ," ಎಂದ.

ಸ್ವರೂಪ ಇಸ್ತ್ರಿ ಶರ್ಟು ಹಾಕಿಕೊಂಡು ಬಂದ. ಕೂತವನೇ ಹೆಮ್ಮೆಯಿಂದ ಶರ್ಟಿನ ತೋಳು ಮೇಲಕ್ಕೆ ಮಡಿಚಿ ಕೈ ಚಾಚಿದ. ಮುಂಗೈ ಮೇಲೆ ಹೊಸ ಹಚ್ಚೆ, ಕೆಂಪಗೆ ಊದಿಕೊಂಡಿದ್ದ ಶಿಲುಬೆ. ಪ್ರಾರ್ಥನೆಗೆ ಬಂದಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಅಯ್ಯೋ ದಡ್ಡ, ಒಂದು ಮಾತು ಕೇಳಬಾರದಿತ್ತೇ? ಮೈಗೆ ಗುರುತು ಚುಚ್ಚಿಸಿಕೊಳ್ಳುವುದು ಇವರಲ್ಲಿ ಪಾಪ. ಅವನಿಗಾದರೂ ಏನು ಗೊತ್ತು. "ಸತ್ರೆ ಒಡವೆ ಬಿಚ್ಕತಾರೆ, ಅಚ್ಚೆ ಜೊತೇಲೇ ಬತ್ತದೆ" ಎನ್ನುತ್ತಿದ್ದ ಅಜ್ಜಿ ಚಿಕ್ಕಬೋರಮ್ಮ ಸಾಕಿ ಬೆಳೆಸಿದ ಹುಡುಗ. ಇದಕ್ಕಿಂತ ದೊಡ್ಡ ಕಾಣಿಕೆ ಇಲ್ಲವೆಂದೇ ನಂಬಿದ್ದ.

ಮಾದಯ್ಯ ಸಿಟ್ಟಾಗಲಿಲ್ಲ. "ಗೊತ್ತಿಲ್ದೆ ಮಾಡಿದ್ದು, ಕರ್ತ ಕ್ಷಮುಸ್ತಾನೆ. ಒಂದು ಮಾತು ಯೋಳು ಮಗ. ಇದ ಯಾರ್ಗೋಸ್ಕರ ಆಕುಸ್ಕಂಡೆ?"

ಬಾಗಿಲ ಮರೆಯಲ್ಲಿ ನಿಂತಿದ್ದ ಕುಸುಮ ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡಳು. ದೇವರಿಗೆ ಅನ್ನು. ದೇವರಿಗೆ ಅಂದುಬಿಡು, ನಿನ್ನ ದಮ್ಮಯ್ಯ.

"ಕುಸುಮಂಗೋಸ್ಕರ," ಎಂದ ಸ್ವರೂಪ. "ನಿಮ್ಮ ದೇವ್ರು ನಂಗಿನ್ನೂ ಗೊತ್ತಿಲ್ಲ ಯಜಮಾನ್ರೆ. ಇವ್ಳು ಗೊತ್ತು."

ಮಾದಯ್ಯ ಅವನ ಹತ್ತಿರಕ್ಕೆ ಸರಿದು ಕೂತ. "ನಾನು ಕುಡುಕ ಆಗಿದ್ದೆ. ಎಂಡ್ರಿಗೋಸ್ಕರ ಎಷ್ಟೋ ಸಲ ಕುಡಿಯೋದ ಬುಟ್ಟೆ. ಅವ್ಳ ಮೇಲೆ ಸಿಟ್ಟು ಬಂದಾಗೆಲ್ಲ ತಿರ್ಗ ಕುಡ್ದೆ. ದೇವ್ರು ಬೆಲೆ ಕೊಟ್ಟು ಕೊಂಡ್ಕಂಡಿರೋ ಮೈಯಿದು ಅಂತ ಗೊತ್ತಾದ್ಮೇಲೇ ನಿಂತಿದ್ದು. ಇನ್ನೊಬ್ರಿಗೋಸ್ಕರ ನೀರ್ಗಿಳಿಯೋನ್ಗೆ ಸ್ನಾನ ಕೊಡಕ್ಕಾಗಲ್ಲ. ಮಗಳ್ನೂ ಕೊಡಕ್ಕಾಗಲ್ಲ."

"ಕಾಯ್ತೀನಿ."

"ಅದೂ ಅವ್ಳಿಗೋಸ್ಕರ್ವೇ ಕಾಯ್ತೀಯ ಕಣಪ್ಪ."

ಬಸ್ ಸ್ಟಾಪಿನ ತನಕ ಕುಸುಮಳೇ ಜೊತೆಗೆ ಬಂದಳು. ಅಪ್ಪ ತಡೆಯಲಿಲ್ಲ.

"ಒಂದು ಸುಳ್ಳು ಯೋಳಿದ್ರೆ ಏನಾಗ್ತಿತ್ತು?"

"ನೀನೂ ನಂಬ್ಬುಡ್ತಿದ್ದೆ. ಆಮೇಲೆ ದಿನಾ ನಿನ್ ಮಕ ಎಂಗೆ ನೋಡ್ಲಿ?" ಸ್ವರೂಪ ತಲೆಯೆತ್ತಿದ. "ನಂಜೊತೆ ಬಂದ್ಬುಡು. ರಿಜಿಸ್ಟರ್ ಮದ್ವೆ ಆಗವ."

ಹೋಗಿಬಿಡಲು ಅವಳ ಕಾಲಿಗೆ ಎಷ್ಟು ಆಸೆಯಿತ್ತೆಂದು ದೇವರಿಗೇ ಗೊತ್ತು. "ಬಂದ್ರೆ ಮೈಯೊಂದೇ ಬತ್ತದೆ ಸ್ವರೂಪ. ಅಪ್ಪ ಯೋಳಿದ್ದು ಅಪ್ಪಂದು ಮಾತ್ರ ಅಲ್ಲ, ನಾನೂ ನಂಬಿರೋದೇ. ನೀನು ಸುಳ್ಳು ಯೋಳಿದ್ರೆ ನಂಗೆ ಸಿಕ್ತಿದ್ದೆ. ಯೋಳ್ಲಿಲ್ಲ ಅಂತ್ಲೇ ನಿನ್ ಮೇಲೆ ಪ್ರಾಣ ಮಡಿಕಂಡಿವ್ನಿ. ಇವತ್ತು ಬಾಯ್ಬುಟ್ಟು ಯೋಳ್ತಿವ್ನಿ, ಇನ್ನೊಂದ್ಸಲ ಯೋಳಲ್ಲ."

ಬಸ್ಸು ಬಂತು. ಅವನು ಹತ್ತಿ ಕಿಟಕಿ ಪಕ್ಕ ಕೂತ. ಊದಿದ ಕೈ ಕಿಟಕಿಯ ಕಂಬಿ ಮೇಲಿತ್ತು. ಅವಳಿಗೆ ಮುಟ್ಟಿ ನೋಡಬೇಕೆನ್ನಿಸಿತು, ಮುಟ್ಟಲಿಲ್ಲ.

"ಒಣುಗೋಗಂಟ ಕೊಬ್ರಿ ಎಣ್ಣೆ ಅಚ್ಕೊ. ಕೆರ್ಕಬ್ಯಾಡ," ಎಂದಳು.

"ಊಂ," ಎಂದ.

ಇನ್ನು ಮೇಲೆ ಇಷ್ಟು ಹೇಳುವುದಕ್ಕೂ ತಾನು ಅವನಿಗೆ ಯಾರೂ ಅಲ್ಲ ಎನ್ನುವುದು ಬಸ್ಸು ಹೊರಟ ಮೇಲೆ ಅವಳಿಗೆ ಹೊಳೆಯಿತು.